ಸರ್ವರ್‌ಗೆ ಫೈಲ್ ನಕಲಾಗುವುದು ನಿಧಾನವೇ? ಕೇಬಲ್ ನೋಡಿ
ಕಚೇರಿಯ ಸರ್ವರ್‌ಗೆ ದೊಡ್ಡ ಫೈಲ್ ಹಾಕುವಾಗ ವೇಗ ಸೆಕೆಂಡಿಗೆ 11–12 ಮೆಗಾಬೈಟ್ ಮುಟ್ಟಿ ಅಲ್ಲೇ ನಿಂತುಬಿಟ್ಟರೆ, ಸರ್ವರನ್ನು ದೂರುವ ಮೊದಲು ನೆಟ್‌ವರ್ಕ್ ಕೇಬಲ್ ಬದಲಿಸಿ ನೋಡಿ. ಸಾಮಾನ್ಯ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಸಂಪರ್ಕಕ್ಕೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳು ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. 100 ಮೆಗಾಬಿಟ್ ಎಂದರೆ ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 12 ಮೆಗಾಬೈಟ್. ಹಾಗಾಗಿ ಒಂದು ಜೋಡಿ ಕೆಟ್ಟರೂ ಸಂಪರ್ಕ ಪೂರ್ತಿ ಹೋಗದೆ, ಅನೇಕ ಸಲ ಸದ್ದಿಲ್ಲದೆ 100ಕ್ಕೆ ಇಳಿದಿರುತ್ತದೆ. ಇಂಟರ್ನೆಟ್ ಎಂದಿನಂತೆಯೇ ಓಡುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ! ವಿಂಡೋಸ್‌ನ ಈಥರ್‌ನೆಟ್ ಸ್ಟೇಟಸ್‌ನಲ್ಲಿ ‘ಸ್ಪೀಡ್’ ಎಷ್ಟಿದೆ ನೋಡಿದರೆ ಗೊತ್ತಾಗುತ್ತದೆ. ಸರ್ವರ್ ಕಡೆಯ ಕೇಬಲ್, ನಡುವಿನ ಹಳೆಯ ನೆಟ್‌ವರ್ಕ್ ಸ್ವಿಚ್ಚನ್ನೂ ಬಿಡಬೇಡಿ. ಎಲ್ಲೆಡೆ 1 ಗಿಗಾಬಿಟ್ ಇದ್ದೂ ಸಾವಿರಾರು ಪುಟ್ಟ ಫೈಲ್‌ಗಳು ತೆವಳುತ್ತಿದ್ದರೆ ಈ ಉಪಾಯ ನಡೆಯದು. ಅವನ್ನು ಜಿಪ್ ಮಾಡಿ ಒಂದೇ ಫೈಲಾಗಿ ಕಳುಹಿಸಿ.