ವಿಡಿಯೊ ಹವ್ಯಾಸದಿಂದ ಸಂಪಾದನೆ: ಮೊದಲ ದುಡ್ಡು ಎಲ್ಲಿಂದ ಬರುತ್ತದೆ?

ವಿಡಿಯೊದಿಂದ ಸಂಪಾದನೆ ಎಂದಕೂಡಲೇ ಎಲ್ಲರ ಕಣ್ಣು ಯೂಟ್ಯೂಬ್ ಜಾಹೀರಾತಿನ ಕಡೆ ಹೋಗುತ್ತದೆ. ನಿಜಕ್ಕೂ ಅದು ಕೊನೆಗೆ ಬರುವ ದುಡ್ಡು. ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್‌ಗೆ 1,000 ಸಬ್‌ಸ್ಕ್ರೈಬರ್‌ಗಳಿರಬೇಕು. ಜತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯಾಗಿರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ (ಯೂಟ್ಯೂಬ್‌ನ ಚುಟುಕು ವಿಡಿಯೊಗಳಿಗೆ) 1 ಕೋಟಿ ವೀಕ್ಷಣೆ ಬಂದಿರಬೇಕು. ಒಬ್ಬರು ಸರಾಸರಿ 3 ನಿಮಿಷ ನೋಡುತ್ತಾರೆ ಎಂದಿಟ್ಟುಕೊಂಡರೆ 4,000 ಗಂಟೆ ತುಂಬಲು 80,000 ವೀಕ್ಷಣೆ ಬೇಕು. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಈ ಗಂಟೆಗಳ ಲೆಕ್ಕಕ್ಕೆ ಬರುವುದೇ ಇಲ್ಲ.

ಅಲ್ಲಿಯವರೆಗೆ ಕಾಯುವ ಬದಲು, ವಿಡಿಯೊ ಬೇಕಾದವರಿಗೆ ಮಾಡಿಕೊಡಿ. ಸಣ್ಣ ವ್ಯಾಪಾರಿಗಳಿಗೆ, ನೃತ್ಯ ಶಾಲೆಗಳಿಗೆ, ಪಾಠ ಹೇಳುವವರಿಗೆ ವಿಡಿಯೊ ಬೇಕು, ಮಾಡಲು ಪುರಸೊತ್ತಿಲ್ಲ. ಒಂದೇ ಬಗೆಯ ಕೆಲಸ ಆರಿಸಿಕೊಂಡು, 60ರಿಂದ 90 ಸೆಕೆಂಡುಗಳ ಮೂರು ಮಾದರಿ ವಿಡಿಯೊ ತಯಾರಿಸಿ. ನೃತ್ಯ ಶಾಲೆಯವರಿಗೆ ನೃತ್ಯದ ವಿಡಿಯೊ ತೋರಿಸಿದರೆ ಕೆಲಸ ಸಿಗುತ್ತದೆ. ಪ್ರವಾಸದ ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಅವರಿಗೆ ನಂಬಿಕೆ ಬರುವುದು ಕಷ್ಟ.

ಹೊಸಬರು ಕ್ಯಾಮೆರಾಗೆ ಖರ್ಚು ಮಾಡಿ ಸದ್ದಿನಲ್ಲಿ ಎಡವುತ್ತಾರೆ. ಚಿತ್ರ ಸ್ವಲ್ಪ ಮಂಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಮುಂದಕ್ಕೆ ಹೋಗಿಬಿಡುತ್ತಾರೆ. ಕಾಲರ್ ಮೈಕ್ ಬಾಯಿಂದ ಒಂದು ಗೇಣು ಕೆಳಗಿರಲಿ. ಮಾತಿನ ಏರು ಸದ್ದಿನ ಮಟ್ಟ ತೋರಿಸುವ ಮೀಟರ್‌ನಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಸದ್ದಿನ ಮಟ್ಟವನ್ನು ತಾನಾಗಿಯೇ ಏರಿಳಿಸುವ ಆಟೊ ಗೇನ್ ಆಫ್ ಮಾಡಿ. ಇಲ್ಲದಿದ್ದರೆ ಮಾತು ನಿಂತಾಗಲೆಲ್ಲ ಅದು ಮಟ್ಟ ಏರಿಸಿ, ಫ್ಯಾನಿನ ಸದ್ದನ್ನೇ ಮುಂದೆ ತರುತ್ತದೆ. ಹೊರಡುವ ಮುಂಚೆ ಯಾರೂ ಮಾತಾಡದೆ 30 ಸೆಕೆಂಡ್ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಜಾಗಕ್ಕೆ ಅದೇ ತೇಪೆ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಕೂಡ ಲಾಕ್ ಮಾಡಿ, ಒಂದೇ ಶಾಟ್‌ನಲ್ಲಿ ಮುಖದ ಬಣ್ಣ ಬದಲಾಗಬಾರದು. ಬಲ್ಬಿನ ಬೆಳಕು ಮಿನುಗಿದರೆ ಕ್ಯಾಮೆರಾದ ಶಟರ್ ವೇಗ ಸರಿಮಾಡಿ: ವಿದ್ಯುತ್ 50 ಹರ್ಟ್ಸ್ ಇರುವಲ್ಲಿ 1/50 ಸೆಕೆಂಡ್, 60 ಹರ್ಟ್ಸ್ ಇರುವಲ್ಲಿ 1/60 ಸೆಕೆಂಡ್.

ಇನ್ನು ದರ. ಹವ್ಯಾಸಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಎರಡು ನಿಮಿಷದ ಒಂದು ಸಂದರ್ಶನದ ವಿಡಿಯೊ ತೆಗೆದುಕೊಳ್ಳಿ. ಮಾತುಕತೆ, ತಯಾರಿಗೆ 2 ಗಂಟೆ, ಶೂಟಿಂಗ್ 4, ಫೈಲ್ ಕಾಪಿ ಮಾಡಿ ವಿಂಗಡಿಸಲು 1, ಎಡಿಟಿಂಗ್ 9, ತಿದ್ದುಪಡಿ 3 ಗಂಟೆ ಹಿಡಿದರೆ ಒಟ್ಟು 19. ಶೂಟಿಂಗ್ ಮತ್ತು ಎಡಿಟಿಂಗ್ ಮಾತ್ರ ಎಣಿಸಿ 13 ಗಂಟೆಗೆ ದರ ಹೇಳಿದರೆ ಉಳಿದ 6 ಗಂಟೆ ಪುಕ್ಕಟೆ ದುಡಿದಂತೆ. ಮೊದಲ ಮೂರು ಕೆಲಸಗಳಲ್ಲಿ ಪ್ರತಿ ಹಂತಕ್ಕೂ ಹಿಡಿದ ಸಮಯ ಬರೆದಿಡಿ. ಗಂಟೆಯ ದರದಿಂದ ಗುಣಿಸಿ, ಪ್ರಯಾಣ, ಬಾಡಿಗೆ ಸಾಮಾನು, ಸಂಗೀತದ ಲೈಸೆನ್ಸ್ ಸೇರಿಸಿ, ಗಿರಾಕಿಗೆ ಒಂದೇ ಮೊತ್ತ ಹೇಳಿ.

ಒಪ್ಪಂದ ಬರವಣಿಗೆಯಲ್ಲೇ ಇರಲಿ, ಒಂದು ಪುಟ ಸಾಕು. ಅರ್ಧ ಹಣ ಮುಂಗಡ. ಎರಡು ಸುತ್ತು ತಿದ್ದುಪಡಿ ದರದೊಳಗೆ, ಮೂರನೆಯದಕ್ಕೆ ಬೇರೆ ಹಣ. ಒಂದು ಸುತ್ತು ಎಂದರೆ ಎಲ್ಲ ಬದಲಾವಣೆಗಳೂ ಒಂದೇ ಪಟ್ಟಿಯಲ್ಲಿ ಬರಬೇಕು, ಅದೂ ಒಪ್ಪಿಗೆ ಕೊಡುವ ಅಧಿಕಾರವಿರುವ ಒಬ್ಬರೇ ವ್ಯಕ್ತಿಯಿಂದ. ಈ ಸಾಲು ಬಿಟ್ಟರೆ ಮಾಲೀಕರು ಒಂದು ಹೇಳುತ್ತಾರೆ, ಅವರ ಪಾಲುದಾರರು ಇನ್ನೊಂದು, ಕೆಲಸ ಮುಗಿಯುವುದೇ ಇಲ್ಲ. ಫೋನ್ ಅಡ್ಡ ಹಿಡಿದು ನೋಡುವ ವಿಡಿಯೊವೋ ನೆಟ್ಟಗೆ ಹಿಡಿದು ನೋಡುವುದೋ ಎಂದು ಶೂಟಿಂಗ್‌ಗೆ ಮುಂಚೆಯೇ ಬರೆಸಿಕೊಳ್ಳಿ. ಬಾಕಿ ಹಣ ಬರುವವರೆಗೆ ವಾಟರ್‌ಮಾರ್ಕ್ ಇರುವ ಪ್ರತಿ ಮಾತ್ರ ಕೊಡಿ. ಎಡಿಟ್ ಮಾಡದ ಫೈಲ್‌ಗಳು ದರದಲ್ಲಿ ಸೇರಿವೆಯೇ ಎಂಬುದೂ ಒಪ್ಪಂದದಲ್ಲಿರಲಿ. ಎರಡು ಬೇರೆ ಡ್ರೈವ್‌ಗಳಿಗೆ ಕಾಪಿ ಆಗಿ, ಫೈಲ್ ತೆರೆದು ನೋಡುವವರೆಗೆ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಗಿರಾಕಿ ಸಿನಿಮಾ ಹಾಡು ಕೇಳಿದರೆ ಒಪ್ಪಬೇಡಿ. ಹಕ್ಕಿರುವ ಹಾಡನ್ನು ತಾನಾಗಿಯೇ ಗುರುತಿಸುವ ವ್ಯವಸ್ಥೆ ಯೂಟ್ಯೂಬ್‌ನಲ್ಲಿದೆ, ಅದೇ ಕಂಟೆಂಟ್ ಐಡಿ. ಅದರ ಕ್ಲೇಮ್ ಬಂದರೆ ಆ ವಿಡಿಯೊದ ಜಾಹೀರಾತು ಹಣ ಹಾಡಿನ ಹಕ್ಕುದಾರರ ಪಾಲಾಗಬಹುದು, ವಿಡಿಯೊ ಬ್ಲಾಕ್ ಕೂಡ ಆಗಬಹುದು. ಹಕ್ಕುದಾರರ ದೂರಿನ ಮೇಲೆ ವಿಡಿಯೊ ತೆಗೆದುಹಾಕಿದಾಗ ಚಾನೆಲ್‌ಗೆ ಬೀಳುವ ಕಾಪಿರೈಟ್ ಸ್ಟ್ರೈಕ್ ಬೇರೆಯದೇ ಸಂಗತಿ: 90 ದಿನಗಳಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಲೈಸೆನ್ಸ್ ಇರುವ ಸಂಗೀತ ಕೊಂಡಾಗಲೂ ಗಿರಾಕಿಯ ಚಾನೆಲ್‌ನಲ್ಲಿ ಹಾಕಲು ಅನುಮತಿ ಇದೆಯೇ ಎಂದು ಓದಿ, ರಸೀದಿಯ ಪ್ರತಿಯನ್ನು ಅವರಿಗೂ ಕೊಡಿ.

ಈ ನಡುವೆ ಸ್ವಂತ ಚಾನೆಲ್ ನಿಲ್ಲಿಸಬೇಡಿ, ಗಿರಾಕಿಗಳು ನೋಡುವುದು ಅದನ್ನೇ. ಅರ್ಹತೆ ಬಂದಮೇಲೆ ಉದ್ದದ ವಿಡಿಯೊದ ಜಾಹೀರಾತು ಆದಾಯದಲ್ಲಿ 55% ನಿಮ್ಮದು. 8 ನಿಮಿಷ ದಾಟಿದ ವಿಡಿಯೊಗಳ ಮಧ್ಯೆಯೂ ಜಾಹೀರಾತು ಹಾಕಬಹುದು. ಹಾಗೆಂದು ಐದು ನಿಮಿಷದ ವಿಷಯವನ್ನು ಎಂಟಕ್ಕೆ ಎಳೆದರೆ ನೋಡುವವರು ನಡುವೆಯೇ ಎದ್ದುಹೋಗುತ್ತಾರೆ. ಯಾರಾದರೂ ಹಣ ಕೊಟ್ಟು ಪ್ರಚಾರ ಮಾಡಿಸಿದರೆ ಅಪ್‌ಲೋಡ್ ಮಾಡುವಾಗ ಪೇಯ್ಡ್ ಪ್ರಮೋಷನ್ ಎಂಬ ಆಯ್ಕೆಗೆ ಗುರುತು ಹಾಕಿ, ವಿಡಿಯೊದ ಆರಂಭದಲ್ಲೇ ಬಾಯಿಬಿಟ್ಟು ಹೇಳಿ.