ಮಗೂನ ಐಕ್ಯೂ ಟೆಸ್ಟ್‌ಗೆ ಕರ್ಕೊಂಡು ಹೋಗೋ ಮುಂಚೆ

ಟೀಚರ್ ಕರೆದು 'ಒಂದ್ಸಲ ಅಸೆಸ್‌ಮೆಂಟ್ ಮಾಡ್ಸಿ' ಅಂದಾಗ ಎದೆ ಧಸಕ್ ಅನ್ನತ್ತೆ, ನನಗೂ ಹಾಗೇ ಆಗಿತ್ತು. ಮೊದಲು ಕಣ್ಣು, ಕಿವಿ ಚೆಕ್ ಮಾಡ್ಸಿ, ಬೋರ್ಡೇ ಸರಿಯಾಗಿ ಕಾಣ್ದೆ ಇದ್ರೆ ಮಗು ಓದೋದಾದ್ರೂ ಹೇಗೆ. ಅದು ಸರಿ ಇದೆ ಅಂದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರೋ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರನೇ ಹೋಗಿ, ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಮಾತಿನ ತೊಂದ್ರೆನೂ ಇದ್ರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್ ಇದೆ.

ಮನೇಲಿ ಮಾತಾಡೋ ಭಾಷೆ ಯಾವ್ದು ಅಂತ ಮೊದಲೇ ಹೇಳ್ಬಿಡಿ. ಮಕ್ಕಳ ಐಕ್ಯೂ ನೋಡೋ ಬಿನೆ-ಕಾಮತ್ ಟೆಸ್ಟನ್ನ ವಿ.ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೇ ಅಂತ ಹೊಂದಿಸಿದ್ದು, ಹಾಗಿರುವಾಗ ಕನ್ನಡದ ಮಗೂಗೆ ಇಂಗ್ಲಿಷಲ್ಲಿ ಕೇಳಿ ಬಂದ ನಂಬರ್‌ನ ನಾನಂತೂ ನಂಬಲ್ಲ.

ಹಳೇ ನೋಟ್‌ಬುಕ್, ಮಾರ್ಕ್ಸ್ ಕಾರ್ಡ್, ಹೆರಿಗೆ ಟೈಮಿನ ಡಿಸ್ಚಾರ್ಜ್ ಪೇಪರ್ ತಗೊಂಡು ಹೋಗಿ. ಎಷ್ಟು ತಿಂಗಳಿಗೆ ನಡೀತು, ಯಾವಾಗ ಮಾತು ಬಂತು ಅಂತ ಕೇಳೇ ಕೇಳ್ತಾರೆ.

ಮನೇಲಿ ಪ್ರಾಕ್ಟೀಸ್ ಮಾತ್ರ ಮಾಡಿಸ್ಬೇಡಿ. ನಾನು ಹಿಂದಿನ ರಾತ್ರಿ ಹತ್ತೂವರೆವರೆಗೂ ಮಗನ್ನ ಕೂರಿಸ್ಕೊಂಡು ಸಂಖ್ಯೆ ಹಿಂದೆ ಮುಂದೆ ಹೇಳಿಸಿದ್ದೆ, ಬೆಳಿಗ್ಗೆ ಅವನು ಆಕಳಿಸ್ತಾ ಕೂತ, ಟೆಸ್ಟ್ ಮಾಡೋರು ಪುಸ್ತಕ ಮುಚ್ಚಿ ಬೇರೆ ದಿನ ಬನ್ನಿ ಅಂದ್ರು. ಎರಡನೇ ಸಲ ಇಡ್ಲಿ ತಿನ್ನಿಸಿ, 'ಆಂಟಿ ಏನೋ ಆಟ ಆಡಿಸ್ತಾರಂತೆ ಕಂದಾ, ಬರ್ದೇ ಇದ್ರೆ ಬರಲ್ಲ ಅಂತ ಹೇಳು' ಅಂತಷ್ಟೇ ಹೇಳಿ ಕರ್ಕೊಂಡು ಹೋದೆ. ಸೆಗ್ವಿನ್ ಬೋರ್ಡ್ ಕೊಟ್ರು, ಹತ್ತು ಮರದ ಆಕಾರಗಳನ್ನ ಅದದರ ಗುಳಿಗೆ ಕೂರಿಸ್ಬೇಕು, ಮೂರು ಸಲ ಮಾಡಿಸಿ ಬೇಗ ಮುಗಿಸಿದ ಟೈಮ್ ಲೆಕ್ಕಕ್ಕೆ ತಗೋತಾರೆ. ನಕ್ಷತ್ರ ಹಿಡ್ಕೊಂಡು ಅವನು ತಿರುಗಿಸ್ತಿದ್ರೆ ನನ್ನ ಬಾಯಲ್ಲಿ 'ಆ ಕಡೆ' ಅನ್ನೋದು ಬಂದೇ ಬಿಡ್ತಿತ್ತು, ಅದಕ್ಕೇ ಹೊರಗೆ ಕೂರಿ ಅಂದ್ರೆ ಬೇಜಾರಿಲ್ದೆ ಹೊರಗೆ ಕೂರಿ.

ರಿಪೋರ್ಟ್ ಬಂದಾಗ ನಂಬರ್ ಒಂದನ್ನೇ ನೋಡ್ಬೇಡಿ. ಸರಾಸರಿ 100, ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಇರ್ತಾರೆ. ಐಕ್ಯೂ ಸರಿ ಇದ್ದೂ ಓದು, ಬರಹ, ಲೆಕ್ಕ ತುಂಬಾ ಹಿಂದಿದ್ರೆ ಅದು ಕಲಿಕಾ ನ್ಯೂನತೆ ಇರಬಹುದು, ಅದನ್ನ ನೋಡೋಕೆ ನಿಮ್ಹಾನ್ಸ್‌ದೇ ಬೇರೆ ಟೆಸ್ಟ್ ಇದೆ, ಕೇಳಿ ಮಾಡ್ಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಇದೂ ಸೇರಿದೆ.

ಇದು ಮಕ್ಕಳ ಮಾತಾಯ್ತು, ದೊಡ್ಡವರಲ್ಲಿ ಖಿನ್ನತೆ ಇದೆಯಾ ಅಂತ ನೋಡೋಕೆ ಸಾಮಾನ್ಯವಾಗಿ ಪಿಎಚ್‌ಕ್ಯೂ-9 ಅನ್ನೋ ಫಾರಂ ಕೊಡ್ತಾರೆ, ಹಿಂದಿನ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಅಷ್ಟೇ. ಕೊನೇದು ಸಾಯೋ ಯೋಚನೆ ಬಗ್ಗೆ ಇರತ್ತೆ, ಮನೆಯವರು ಪಕ್ಕದಲ್ಲಿದ್ದಾರೆ ಅಂತ ಅಲ್ಲಿ ಸುಳ್ಳು ಬರೀಬೇಡಿ, ಒಬ್ರೇ ಕೂತು ತುಂಬ್ತೀನಿ ಅಂತ ಕೇಳಿ. ಅಂಥ ಯೋಚನೆ ಈಗ್ಲೇ ಕಾಡ್ತಿದ್ರೆ ಟೆಸ್ಟ್ ಡೇಟ್‌ಗೆ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.