ತೊಡೆಸಂದಿನ ನೋವಿಗೆ ಕಾರಣ ಹುಡುಕುವ ಕ್ರಮ: ಸ್ಕ್ಯಾನ್ ಕೊನೆಗಿರಲಿ

ಕಬಡ್ಡಿ, ಫುಟ್‌ಬಾಲ್, ಹಾಕಿ ಆಡುವವರು ತೊಡೆಸಂದಿನ ನೋವೆಂದು ಫಿಸಿಯೊಥೆರಪಿಸ್ಟರ ಬಳಿಗೆ ಬರುವ ಹೊತ್ತಿಗೆ ಅವರ ಕಂಕುಳಲ್ಲಿ ಎಂಆರ್‌ಐ ಫಿಲ್ಮಿನ ದೊಡ್ಡ ಲಕೋಟೆ ಬಹುಮಟ್ಟಿಗೆ ಇದ್ದೇ ಇರುತ್ತದೆ. ಕಿಟ್ ಬ್ಯಾಗಿನಲ್ಲಿ ಅರ್ಧ ಮುಗಿದ ನೋವಿನ ಸ್ಪ್ರೇ ಕೂಡ ಇರುತ್ತದೆ. ಆದರೆ ಆಟಗಾರನನ್ನು ಅಂಗಾತ ಮಲಗಿಸಿ, ನೋವಿನ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದವರು ಅದುವರೆಗೆ ಒಬ್ಬರೂ ಇರುವುದಿಲ್ಲ. ರೋಗನಿರ್ಣಯ ವೈದ್ಯರ ಕೆಲಸವೇ ಹೌದಾದರೂ, ಪರೀಕ್ಷೆ ಯಾವ ಕ್ರಮದಲ್ಲಿ ಸಾಗಬೇಕೆಂಬುದು ತರಬೇತುದಾರರಿಗೂ ದೈಹಿಕ ಶಿಕ್ಷಣ ಶಿಕ್ಷಕರಿಗೂ ತಿಳಿದಿದ್ದರೆ ಆಟಗಾರನ ಹಣವೂ ಕೆಲವೊಮ್ಮೆ ಇಡೀ ಋತುವೂ ಉಳಿಯುತ್ತದೆ.

ಗೊಂದಲಕ್ಕೆ ಕಾರಣವಿಲ್ಲದೆ ಇಲ್ಲ. ಅಂಗೈಯಗಲದ ಈ ಜಾಗದಲ್ಲಿ ತೊಡೆಯ ಒಳಭಾಗದ ಅಡಕ್ಟರ್ ಸ್ನಾಯುಗಳು, ಬೆನ್ನುಮೂಳೆ ಮತ್ತು ಸೊಂಟದ ಮೂಳೆಯಿಂದ ಇಳಿದು ತೊಡೆಮೂಳೆಗೆ ಸೇರುವ ಇಲಿಯೋಸೋವಾಸ್ ಸ್ನಾಯು, ಕೆಳಹೊಟ್ಟೆಯ ಗೋಡೆ, ಜನನಾಂಗದ ಮೇಲ್ಬದಿಯಲ್ಲಿ ಎಡಬಲದ ಪ್ಯೂಬಿಕ್ ಮೂಳೆಗಳು ಕೂಡುವ ಸಂಧಿ, ಇವುಗಳ ಆಳದಲ್ಲಿ ಸೊಂಟದ ಕೀಲು, ಎಲ್ಲವೂ ಒತ್ತೊತ್ತಾಗಿವೆ. ಒಬ್ಬ ವೈದ್ಯರು ಸ್ಪೋರ್ಟ್ಸ್ ಹರ್ನಿಯಾ (ಕೆಳಹೊಟ್ಟೆಯ ಗೋಡೆಯ ತೊಂದರೆ) ಎಂದದ್ದನ್ನೇ ಇನ್ನೊಬ್ಬರು ಆಸ್ಟೈಟಿಸ್ ಪ್ಯೂಬಿಸ್ (ಪ್ಯೂಬಿಕ್ ಸಂಧಿಯ ಉರಿಯೂತ) ಎನ್ನುತ್ತಿದ್ದ ಪರಿಸ್ಥಿತಿಯನ್ನು ಸರಿಪಡಿಸಲು 2014ರಲ್ಲಿ 14 ದೇಶಗಳ 24 ತಜ್ಞರು ದೋಹಾದಲ್ಲಿ ಸೇರಿ, ಈ ನೋವನ್ನು ಅಡಕ್ಟರ್, ಇಲಿಯೋಸೋವಾಸ್, ಇಂಗ್ವೈನಲ್ (ತೊಡೆಯ ಗೆರೆಗಿಂತ ಮೇಲಿನ ಕೆಳಹೊಟ್ಟೆಯ ಓರೆ ಪಟ್ಟಿ) ಮತ್ತು ಪ್ಯೂಬಿಕ್ ಎಂಬ ನಾಲ್ಕು ಬಗೆಗಳಾಗಿ ವಿಂಗಡಿಸಿ, ಸೊಂಟದ ಕೀಲಿನ ನೋವನ್ನೂ ಉಳಿದ ಕಾರಣಗಳನ್ನೂ ಪ್ರತ್ಯೇಕವಾಗಿಟ್ಟರು. ಈ ವಿಂಗಡಣೆಯ ದೊಡ್ಡ ಅನುಕೂಲವೆಂದರೆ ನಾಲ್ಕೂ ಬಗೆಗಳನ್ನು ಯಂತ್ರದ ನೆರವಿಲ್ಲದೆ, ಕೈಯಿಂದಲೇ ಗುರುತಿಸಬಹುದು.

ಹೆಜ್ಜೆ 1: ಕಾಯಲಾಗದ ಕಾರಣಗಳನ್ನು ಮೊದಲು ಬದಿಗೆ ಸರಿಸಿ

ಹುಡುಗನೊಬ್ಬನಿಗೆ ಏಕಾಏಕಿ ವೃಷಣದಲ್ಲಿ ತೀವ್ರ ನೋವು ಕಾಣಿಸಿಕೊಂಡು ವಾಂತಿಯಾಗುತ್ತಿದ್ದರೆ ಅದು ವೃಷಣ ತಿರುಚಿಕೊಂಡಿರುವ ಲಕ್ಷಣವಾಗಿರಬಹುದು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಅದನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತ ಹೋಗುವುದರಿಂದ ಐಸ್ ಇಟ್ಟು ಬೆಳಗಿನವರೆಗೆ ಕಾಯುವಂತಿಲ್ಲ. ಒಳಗೆ ತಳ್ಳಲಾಗದ ಗಟ್ಟಿ ಉಬ್ಬು, ಜ್ವರದೊಂದಿಗಿನ ನೋವು, ಮೂತ್ರದಲ್ಲಿ ರಕ್ತ, ಇವುಗಳಿಗೂ ನೇರವಾಗಿ ಆಸ್ಪತ್ರೆಯೇ ದಾರಿ. ಸಂಜೆ ಜ್ವರ, ರಾತ್ರಿ ನಿದ್ದೆಗೆಡಿಸುವ ನೋವು ಮತ್ತು ತೂಕ ಇಳಿಕೆ ಒಟ್ಟಿಗೆ ಇದ್ದರೆ ಕೀಲಿನ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವ ಹಾಗಿಲ್ಲ.

ಹತ್ತರಿಂದ ಹದಿನಾರರ ವಯಸ್ಸಿನ ಮಕ್ಕಳು ಕುಂಟುತ್ತಿದ್ದರೆ, ಅವರು ಮಂಡಿ ನೋವೆಂದು ಹೇಳಿದರೂ ಸೊಂಟದ ಕೀಲನ್ನು ಪರೀಕ್ಷಿಸಲೇಬೇಕು. ಈ ವಯಸ್ಸಿನಲ್ಲಿ ತೊಡೆಮೂಳೆಯ ತಲೆ ತನ್ನ ಬೆಳವಣಿಗೆಯ ಪದರದ ಮೇಲೆ ಜಾರುವುದುಂಟು. ಅದರ ನೋವು ಎಷ್ಟೋ ಸಲ ಮಂಡಿಯಲ್ಲೇ ಕಾಣಿಸಿಕೊಳ್ಳುತ್ತದೆ. ಮಂಡಿಯ ಎಕ್ಸ್‌-ರೇ ತೆಗೆಸಿ ಏನೂ ಇಲ್ಲವೆಂದು ಮನೆಗೆ ಕಳಿಸುವುದು ಇಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು.

ಇನ್ನೊಂದು ಅಪಾಯವನ್ನು ನಮ್ಮ ಊರುಗಳಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪೊಲೀಸ್ ಅಥವಾ ಸೇನಾ ನೇಮಕಾತಿಯ 1600 ಮೀಟರ್ ಓಟಕ್ಕೆಂದು ಡಾಂಬರು ರಸ್ತೆಯ ಮೇಲೆ ದಿಢೀರನೆ ಓಡಲು ಆರಂಭಿಸಿದ ಯುವಕ ಯುವತಿಯರು ತೊಡೆಸಂದಿನ ಆಳದಲ್ಲಿ ನೋವೆಂದರೆ, ಕಾಲೂರಿದಾಗ ಅದು ಹೆಚ್ಚುತ್ತದೆಂದರೆ, ತೊಡೆಮೂಳೆಯ ಕುತ್ತಿಗೆಯಲ್ಲಿ ಬಿರುಕು ಬಿಟ್ಟಿದೆಯೆಂದೇ ಭಾವಿಸಿ ಓಟ ನಿಲ್ಲಿಸಬೇಕು. ಮುಟ್ಟು ನಿಂತುಹೋಗಿರುವ ಅಥವಾ ಊಟ ಕಡಿಮೆ ಮಾಡಿರುವ ಓಟಗಾರ್ತಿಯರಲ್ಲಿ ಈ ಸಾಧ್ಯತೆ ಇನ್ನೂ ಹೆಚ್ಚು. ಆರಂಭದ ವಾರಗಳ ಎಕ್ಸ್‌-ರೇಯಲ್ಲಿ ಇಂಥ ಬಿರುಕು ಕಾಣಿಸದೇ ಇರಬಹುದು. ಎಂಆರ್‌ಐಯನ್ನು ತಡಮಾಡದೆ ಮಾಡಿಸಬೇಕಾದ ಸಂದರ್ಭವಿದು. ಬಿರುಕು ಮೂಳೆಯ ಮೇಲ್ಬದಿಯಲ್ಲಿದ್ದರೆ ಅದು ಪೂರ್ತಿ ಮುರಿದು ಜರುಗುವ ಅಪಾಯವಿರುತ್ತದೆ. ಅಂಥವರನ್ನು ಎಣ್ಣೆ ತಿಕ್ಕುವವರ ಬಳಿಗೆ ಕರೆದೊಯ್ಯಬೇಡಿ, ಒಂಟಿಕಾಲಿನಲ್ಲಿ ಕುಪ್ಪಳಿಸಿ ತೋರಿಸು ಎಂದೂ ಹೇಳಬೇಡಿ.

ಹೆಜ್ಜೆ 2: ಕೇಳಬೇಕಾದ್ದನ್ನು ಕೇಳಿ

ನೋವು ಒಂದೇ ಕ್ಷಣದಲ್ಲಿ ಬಂತೇ, ದಿನದಿಂದ ದಿನಕ್ಕೆ ಬೆಳೆಯಿತೇ? ಒದೆಯುವಾಗ ಹೆಚ್ಚೋ, ದಿಕ್ಕು ಬದಲಿಸುವಾಗ ಹೆಚ್ಚೋ, ಕೆಮ್ಮಿದಾಗಲೋ, ಬಹಳ ಹೊತ್ತು ಕುಳಿತು ಎದ್ದಾಗಲೋ? ಬೋನಸ್ ಗೆರೆಗೆ ಕಾಲು ಚಾಚುವ ರೈಡರ್‌ನ ಪಾದವನ್ನು ಎದುರಾಳಿ ಹಿಡಿದೆಳೆದಾಗ 'ಟಪ್' ಎಂದಿತೆಂದರೆ ಅಡಕ್ಟರ್ ಹರಿದಿರುವ ಶಂಕೆ ಬಲವಾಗುತ್ತದೆ. ಅದೇ ಮಾತನ್ನು ಹದಿಹರೆಯದ ಸ್ಪ್ರಿಂಟರ್ ಹೇಳಿದರೆ ಸ್ನಾಯುವಿಗೆ ಬದಲು ಅದು ಅಂಟಿಕೊಂಡ ಮೂಳೆಯ ಚೂರೇ ಕಿತ್ತು ಬಂದಿರಬಹುದೆಂದು ಎಕ್ಸ್‌-ರೇ ತೆಗೆಸಬೇಕು.

ಕಳೆದ ಕೆಲವು ವಾರಗಳ ಅಭ್ಯಾಸದ ಲೆಕ್ಕವನ್ನೂ ಪಡೆಯಿರಿ. ವರ್ಷವಿಡೀ ಕಚೇರಿಯಲ್ಲಿದ್ದು ಬೇಸಿಗೆಯ ಕೊಡವ ಕೌಟುಂಬಿಕ ಹಾಕಿಗೆ ನೇರವಾಗಿ ಮೈದಾನಕ್ಕಿಳಿಯುವವರು, ಒಂದೇ ದಿನ ಮೂರು ಪಂದ್ಯ ಆಡಿಸುವ ಕಬಡ್ಡಿ ಟೂರ್ನಿಗಳ ಹುಡುಗರು, ಇವರ ನೋವಿಗೆ ಪೆಟ್ಟಿನ ಕಥೆ ಇರುವುದಿಲ್ಲ, ಹಠಾತ್ತನೆ ಏರಿದ ಹೊರೆಯ ಕಥೆ ಇರುತ್ತದೆ. ಮೊದಲೊಮ್ಮೆ ತೊಡೆಸಂದು ನೋವಾಗಿತ್ತೇ ಎಂದು ಕೇಳುವುದನ್ನು ಬಿಡಬೇಡಿ. ಹಿಂದಿನ ಗಾಯವೇ ಮುಂದಿನ ಗಾಯದ ಅತಿ ನಂಬಲರ್ಹ ಸೂಚನೆ. ಮನೆಯವರಲ್ಲಿ ಸೊಂಟದ ಕೀಲು ಬೇಗ ಸವೆದವರಿದ್ದಾರೆಯೇ ಎಂಬ ಪ್ರಶ್ನೆಯೂ ವ್ಯರ್ಥವಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯಂತೆ ಕುಟುಂಬಗಳಲ್ಲಿ ಹರಿದುಬರುವ ಕೀಲಿನ ತೊಂದರೆ ನಮ್ಮ ಮಲೆನಾಡಿನಲ್ಲೇ ಇದೆ.

ಹೆಜ್ಜೆ 3: ಬೆರಳಿನಿಂದ ಹುಡುಕಿ, ಪ್ರತಿರೋಧದಿಂದ ಖಚಿತಪಡಿಸಿಕೊಳ್ಳಿ

ಎಲ್ಲರೂ ಎಡವುವುದು ಇಲ್ಲಿಯೇ. ತೊಡೆಸಂದನ್ನು ಇಡೀ ಅಂಗೈಯಿಂದ ಅಮುಕಿ ನೋಯುತ್ತದೆಯೇ ಎಂದು ಕೇಳಿದರೆ ಯಾರಿಗಾದರೂ ನೋಯುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಎರಡು ಬೆರಳಿನ ತುದಿಗಳನ್ನು ಮಾತ್ರ ಬಳಸಿ, ನೋವಿಲ್ಲದ ಬದಿಯಿಂದ ಆರಂಭಿಸಿ, ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ ಕೇಳಬೇಕು: "ಆಡುವಾಗ ಬರುವ ನೋವು ಇದೇನಾ?" ಬೇರೆ ನೋವು ಲೆಕ್ಕಕ್ಕಿಲ್ಲ. ಪರೀಕ್ಷೆ ಮುಚ್ಚಿದ ಕೋಣೆಯಲ್ಲಿ, ಆಟಗಾರರ ಒಪ್ಪಿಗೆ ಪಡೆದು, ಮಹಿಳೆಯರೋ ಮಕ್ಕಳೋ ಆಗಿದ್ದರೆ ಅವರ ಕಡೆಯವರೊಬ್ಬರನ್ನು ಜೊತೆಗಿರಿಸಿಕೊಂಡೇ ನಡೆಯಬೇಕು. ಶಿಬಿರದ ಬಯಲಿನಲ್ಲಿ ಎಲ್ಲರೆದುರು ಮಾಡುವ ಪರೀಕ್ಷೆಯಲ್ಲಿ ಯಾರೂ ನಿಜ ಹೇಳುವುದಿಲ್ಲ.

ಅಡಕ್ಟರ್‌ನಿಂದ ಆರಂಭಿಸಿ. ಅಂಗಾತ ಮಲಗಿದ ಆಟಗಾರನ ಮಂಡಿ ಮಡಿಸಿ ಹೊರಕ್ಕೆ ಬಿದ್ದುಕೊಳ್ಳಲು ಬಿಟ್ಟಾಗ ತೊಡೆಯ ಒಳಬದಿಯಲ್ಲಿ ಬಿಗಿದ ಹಗ್ಗದಂತೆ ಎದ್ದು ನಿಲ್ಲುವುದೇ ಅಡಕ್ಟರ್ ಲಾಂಗಸ್‌ನ ಸ್ನಾಯುರಜ್ಜು. ಅದನ್ನು ಎರಡು ಬೆರಳಿನಲ್ಲಿ ಹಿಡಿದು ಮೇಲಕ್ಕೆ, ಮೂಳೆಗೆ ಅಂಟಿಕೊಳ್ಳುವ ಜಾಗದವರೆಗೂ ಸಾಗಬೇಕು. ಬಹಳ ಜನ ಸಂಕೋಚದಿಂದ ಅರ್ಧದಲ್ಲೇ ನಿಲ್ಲಿಸುತ್ತಾರೆ. ದೀರ್ಘಕಾಲದ ನೋವು ಸಾಮಾನ್ಯವಾಗಿ ಆ ಕೊನೆಯ ಒಂದು ಅಂಗುಲದಲ್ಲಿಯೇ ಇರುತ್ತದೆ. ಅನಂತರ ಕಾಲುಗಳನ್ನು ನೇರವಾಗಿ ಚಾಚಿಸಿ, ಎರಡು ಕಣಕಾಲುಗಳ ನಡುವೆ ನಿಮ್ಮ ಮುಂಗೈಯನ್ನು ಅಡ್ಡವಿಟ್ಟು, ಪೂರ್ತಿ ಬಲದಿಂದ ಒತ್ತಲು ಹೇಳಿ. ಒತ್ತಿ ಹಿಡಿದಾಗ ಅದೇ ಜಾಗದಲ್ಲಿ ಅದೇ ನೋವು ಬಂದರೆ, ಬೆರಳಿಟ್ಟಾಗಲೂ ಅಲ್ಲೇ ನೋಯುತ್ತಿದ್ದರೆ, ಅದು ಅಡಕ್ಟರ್ ನೋವು. ಎರಡರಲ್ಲಿ ಒಂದು ಮಾತ್ರ ಇದ್ದರೆ ಆ ಹೆಸರನ್ನು ಕೊಡುವಂತಿಲ್ಲ. ಮಂಡಿಗಳ ನಡುವೆ ಚೆಂಡಿಟ್ಟು ಒತ್ತಿಸುವವರೂ ಇದ್ದಾರೆ. ಕಾಲು ನೀಳವಾಗಿದ್ದಾಗ ಸ್ನಾಯುವಿನ ಮೇಲೆ ಹೆಚ್ಚು ಹೊರೆ ಬೀಳುವುದರಿಂದ ಸಣ್ಣ ನೋವನ್ನೂ ಹೊರಗೆಡಹುವ ಕಣಕಾಲಿನ ಕ್ರಮವನ್ನೇ ನಾನು ಒತ್ತಾಯಿಸುತ್ತೇನೆ.

ಮುಂದೆ ಪ್ಯೂಬಿಕ್ ಸಂಧಿ. ಹೊಟ್ಟೆಯ ನಡುಗೆರೆಯಲ್ಲಿ ಕೆಳಕ್ಕೆ ಸಾಗಿದರೆ ಸಿಗುವ ಗಟ್ಟಿ ಮೂಳೆಯ ನಡುವೆಯೂ ಅದರ ಎರಡು ಪಕ್ಕಗಳಲ್ಲೂ ಒತ್ತಿ ನೋಡಿ. ಇದಕ್ಕೆಂದೇ ಮೀಸಲಾದ ಪ್ರತಿರೋಧದ ಪರೀಕ್ಷೆಯಿಲ್ಲ, ಬೆರಳೇ ಪ್ರಮಾಣ.

ಇಲಿಯೋಸೋವಾಸ್ ಹುಡುಕಲು ತಾಳ್ಮೆ ಬೇಕು. ಸೊಂಟಪಟ್ಟಿಯ ಕೆಳಗೆ ಮುಂಬದಿಯಲ್ಲಿ ಚಾಚಿಕೊಂಡಿರುವ ಮೂಳೆಯ ತುದಿಯಿಂದ ಒಳಕ್ಕೆ, ಹೊಟ್ಟೆ ಸಡಿಲವಾಗಿರುವಾಗ, ಉಸಿರು ಬಿಟ್ಟಂತೆಲ್ಲ ಬೆರಳುಗಳನ್ನು ನಿಧಾನವಾಗಿ ಆಳಕ್ಕಿಳಿಸಿ, ಆ ಕಾಲನ್ನು ಸ್ವಲ್ಪವೇ ಮೇಲೆತ್ತಲು ಹೇಳಿ. ಬೆರಳಿನಡಿ ಗಟ್ಟಿಯಾಗಿ ಎದ್ದದ್ದೇ ಆ ಸ್ನಾಯು. ಕಾಲು ಎತ್ತದೆ ಒತ್ತಿದರೆ ನೀವು ಕರುಳನ್ನು ಒತ್ತುತ್ತಿರುವ ಸಂಭವವೇ ಹೆಚ್ಚು. ಬಳಿಕ ಮಡಿಸಿದ ತೊಡೆಯನ್ನು ಎದೆಯತ್ತ ಎಳೆದುಕೊಳ್ಳುವಾಗ ನೀವು ತಡೆಯಿರಿ. ಇನ್ನೊಮ್ಮೆ, ಮೇಜಿನ ಅಂಚಿನಲ್ಲಿ ಮಲಗಿಸಿ ಒಂದು ಮಂಡಿಯನ್ನು ಎದೆಗೆ ಅಪ್ಪಿಸಿಕೊಂಡು ನೋವಿನ ಕಾಲನ್ನು ಕೆಳಗೆ ಜೋತುಬಿಡಿಸಿ. ಒತ್ತಿದಾಗ ನೋಯುವುದರ ಜೊತೆಗೆ ತಡೆದಾಗ ಅಥವಾ ಹಿಗ್ಗಿಸಿದಾಗಲೂ ನೋವು ಎದ್ದರೆ ಶಂಕೆ ಗಟ್ಟಿಯಾಗುತ್ತದೆ.

ಇಂಗ್ವೈನಲ್ ನೋವು ತೊಡೆಯ ಗೆರೆಗಿಂತ ಮೇಲೆ, ಕೆಳಹೊಟ್ಟೆಯ ಓರೆಯಾದ ಪಟ್ಟಿಯಲ್ಲಿರುತ್ತದೆ. ಕೆಮ್ಮು, ಸೀನು ಅಥವಾ ಕೈಕಟ್ಟಿ ಅರ್ಧ ಎದ್ದು ಕೂರುವಾಗಿನ ಪ್ರತಿರೋಧ ಅದನ್ನು ಕೆರಳಿಸುತ್ತದೆ. ಗಂಡಸರಲ್ಲಿ ವೃಷಣಚೀಲದ ಮೂಲಕ ಬೆರಳು ಹಾಯಿಸಿ ಇಂಗ್ವೈನಲ್ ನಾಳವನ್ನು ಪರೀಕ್ಷಿಸುವುದು ವೈದ್ಯರೇ ಮಾಡಬೇಕಾದ ಕೆಲಸ. ಕೆಮ್ಮಿದಾಗ ಉಬ್ಬು ಬೆರಳಿಗೆ ತಾಕಿದರೆ ಅದು ನಿಜವಾದ ಹರ್ನಿಯಾ, ಅದರ ಚಿಕಿತ್ಸೆಯೇ ಬೇರೆ. ಉಬ್ಬಿಲ್ಲದ ಆಟಗಾರನಿಗೆ ಮೆಡಿಕಲ್ ಅಂಗಡಿಯವರು ಮಾರುವ ಹರ್ನಿಯಾ ಬೆಲ್ಟ್ ಕಟ್ಟಿಸುವುದು ಶುದ್ಧ ದಂಡ.

ಒಬ್ಬರಲ್ಲೇ ಎರಡು ಬಗೆಗಳು ಒಟ್ಟಿಗೆ ಇರುವುದು ಅಪರೂಪವಲ್ಲ. ಆದ್ದರಿಂದ ಮೊದಲ ಜಾಗದಲ್ಲಿ ನೋವು ಸಿಕ್ಕಿತೆಂದು ಪರೀಕ್ಷೆ ನಿಲ್ಲಿಸದೆ ನಾಲ್ಕನ್ನೂ ಮುಗಿಸಿ, ಎಡಬಲ ಬರೆದಿಡಿ.

ಹೆಜ್ಜೆ 4: ಸೊಂಟದ ಕೀಲು

ನೋವಿನ ಜಾಗ ತೋರಿಸು ಎಂದಾಗ ಆಟಗಾರ ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ಮುಂದಕ್ಕೂ ಇಟ್ಟು ಸೊಂಟದ ಪಕ್ಕವನ್ನು ಹಿಡಿದುಕೊಂಡರೆ ಕೀಲಿನತ್ತ ಗಮನ ಹರಿಸಿ. ತೊಡೆಯನ್ನು 90 ಡಿಗ್ರಿ ಮಡಿಸಿ, ಎದುರು ಬದಿಗೆ ವಾಲಿಸಿ, ಒಳಕ್ಕೆ ತಿರುಗಿಸುವ ಪರೀಕ್ಷೆಯಲ್ಲಿ ನೋವೇ ಬಾರದಿದ್ದರೆ ಕೀಲು ಬಹುತೇಕ ನಿರ್ದೋಷಿ. ಆದರೆ ನೋವು ಬಂದ ಮಾತ್ರಕ್ಕೆ ಕೀಲೇ ಕಾರಣವೆಂದು ತೀರ್ಮಾನಿಸಬೇಡಿ, ಏಕೆಂದರೆ ಈ ಭಂಗಿ ಸುತ್ತಲಿನ ಸ್ನಾಯುಗಳನ್ನೂ ಹಿಂಡುತ್ತದೆ. ಒಳಕ್ಕೆ ತಿರುಗುವಿಕೆ ಒಂದು ಬದಿಯಲ್ಲಿ ಸ್ಪಷ್ಟವಾಗಿ ಕಡಿಮೆಯಿದ್ದರೆ ಎಕ್ಸ್‌-ರೇ ಬೇಕು. ಸ್ಟೆರಾಯ್ಡ್ ಸೇವಿಸಿದವರಲ್ಲಿ, ಅತಿಯಾಗಿ ಕುಡಿಯುವವರಲ್ಲಿ ಮತ್ತು ಕುಡಗೋಲು ಕಣ ರೋಗ (ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ) ಇರುವವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಸಂಚಾರ ನಿಂತು ಅದು ಕುಸಿಯುವ ಸಾಧ್ಯತೆಯನ್ನೂ ನೆನಪಿನಲ್ಲಿಡಿ. ದೇಹದಾರ್ಢ್ಯಕ್ಕೆಂದು ಜಿಮ್‌ನಲ್ಲಿ ಯಾರೋ ಕೊಟ್ಟ ಚುಚ್ಚುಮದ್ದಿನಲ್ಲಿ ಏನಿತ್ತೆಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ.

ಹೆಜ್ಜೆ 5: ಚಿತ್ರ ತೆಗೆಸುವುದು, ಪ್ರಶ್ನೆಯಿದ್ದರೆ ಮಾತ್ರ

ಸೊಂಟದ ಎರಡೂ ಕೀಲುಗಳು ಕಾಣುವ ಎಕ್ಸ್‌-ರೇ ಅಗ್ಗ ಮತ್ತು ಉಪಯುಕ್ತ. ಹರ್ನಿಯಾ ಶಂಕೆಗೆ ಅಲ್ಟ್ರಾಸೌಂಡ್ ಮಾಡಿಸಿದರೆ ಪರೀಕ್ಷೆಯ ವೇಳೆ ಕೆಮ್ಮಿಸಿ, ಮುಕ್ಕಿಸಿ ನೋಡಲು ಹೇಳಿ. ಸುಮ್ಮನೆ ಮಲಗಿಸಿ ಬರೆದ 'ನಾರ್ಮಲ್' ವರದಿಗೆ ಬೆಲೆ ಕಡಿಮೆ. ಎಂಆರ್‌ಐ ಉತ್ತಮ ಸಾಧನವೇ, ಆದರೆ ಯಾವ ನೋವೂ ಇಲ್ಲದೆ ಆಡುತ್ತಿರುವವರ ಪ್ಯೂಬಿಕ್ ಮೂಳೆಯಲ್ಲಿ ಊತ, ಕೀಲಿನ ಅಂಚಿನಲ್ಲಿ ಸೀಳು ಕಾಣುವುದು ಸಾಮಾನ್ಯ. ಬೆರಳಿಗೆ ಸಿಕ್ಕ ಜಾಗದೊಂದಿಗೆ ಹೊಂದದ 'ಟೇರ್' (ಸೀಳು) ಎಂಬ ಪದವನ್ನು ವರದಿಯಲ್ಲಿ ಓದಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವುದು ಅವಸರದ ಕೆಲಸ.

ಕಾರಣ ಸಿಕ್ಕ ಮೇಲೆ

ಬರೀ ವಿಶ್ರಾಂತಿ, ಮಸಾಜ್ ಮತ್ತು ಶಾಖದ ಯಂತ್ರಗಳಿಂದ ಹಳೆಯ ಅಡಕ್ಟರ್ ನೋವು ಹೋಗುವುದಿಲ್ಲ. 1999ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ಬಲವರ್ಧನೆಯ ವ್ಯಾಯಾಮ ಮಾಡಿದ ಗುಂಪಿನ 23 ಮಂದಿ ನೋವಿಲ್ಲದೆ ಆಟಕ್ಕೆ ಮರಳಿದರೆ, ಅಂಥ ವ್ಯಾಯಾಮವಿಲ್ಲದ ಚಿಕಿತ್ಸೆ ಪಡೆದ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಗುಂಪಿನಲ್ಲಿ ಮರಳಿದವರು 4 ಮಂದಿ ಮಾತ್ರ. ಪಂದ್ಯಕ್ಕೆ ಮುನ್ನ ನೋವಿನ ಇಂಜೆಕ್ಷನ್ ಚುಚ್ಚಿಸಿ ಆಡಿಸುವುದನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ. ಅದು ನೋವಿನೊಂದಿಗೆ ಪರೀಕ್ಷೆಯ ಸುಳಿವನ್ನೂ ಅಳಿಸಿಹಾಕುತ್ತದೆ.

ಅಡಕ್ಟರ್ ನೋವಿನಿಂದ ಚೇತರಿಸಿಕೊಳ್ಳುತ್ತಿರುವವನ ಮೇಲೆ ನಿಗಾ ಇಡಲು ತರಬೇತುದಾರರಿಗೆ ಕಣಕಾಲಿನ ಒತ್ತುವ ಪರೀಕ್ಷೆಯೇ ಸಾಕು. ಅಭ್ಯಾಸಕ್ಕೆ ಮುನ್ನ 5 ಸೆಕೆಂಡು ಪೂರ್ತಿ ಬಲದಿಂದ ಒತ್ತಿಸಿ, ನೋವಿಗೆ 0ರಿಂದ 10ರೊಳಗೆ ಅಂಕ ಕೊಡಲು ಹೇಳಿ: 2ರವರೆಗೆ ಹಸಿರು, 3ರಿಂದ 5 ಹಳದಿ, 6 ಮತ್ತು ಮೇಲ್ಪಟ್ಟು ಕೆಂಪು. ಹಳದಿಯಿದ್ದ ದಿನ ಒದೆತ ಮತ್ತು ವೇಗದ ತಿರುವುಗಳನ್ನು ಕಡಿಮೆ ಮಾಡಿಸಿ, ಕೆಂಪಿದ್ದರೆ ಮೈದಾನಕ್ಕಿಳಿಸಬೇಡಿ. ಎರಡು ತಿಂಗಳ ಸರಿಯಾದ ವ್ಯಾಯಾಮದ ಬಳಿಕವೂ ಅಂಕ ಇಳಿಯದಿದ್ದರೆ ಹೊಸ ಸ್ಕ್ಯಾನ್‌ಗೆ ಬರೆಸುವ ಮೊದಲು ಮೂರನೇ ಹೆಜ್ಜೆಯನ್ನು ಬೇರೊಬ್ಬ ಪರೀಕ್ಷಕರಿಂದ ಮೊದಲಿನಿಂದ ಮಾಡಿಸಿ; ಮೊದಲ ನೋವಿನ ಮರೆಯಲ್ಲಿದ್ದ ಎರಡನೆಯ ಕಾರಣ ಆಗ ಸಿಗುವುದುಂಟು.